ಟೆನ್ಷನ್ ಯಾರಿಗೆ ಜಾಸ್ತಿ, ಸಾಹೇಬರಿಗೋ ಗುಮಾಸ್ತರಿಗೋ?

ಹಿಂದಿನ ಸಂಚಿಕೆಯ ಒಂದು ಉತ್ತರದಲ್ಲಿ ಹೀಗೆ ಬರೆದಿದ್ದೆ: ರೋಗಿ ಏನು ಕೆಲಸ ಮಾಡುತ್ತಾರೆ, ಯಾರ ಕೈಕೆಳಗೆ ಮಾಡುತ್ತಾರೆ ಅಂತ ಗೊತ್ತಾದರೆ ಅರ್ಧ ಕಾಯಿಲೆ ಗೊತ್ತಾದ ಹಾಗೆ. ಅದಕ್ಕೆ ಬಂದ ಪತ್ರಗಳು ಎಂದಿಗಿಂತ ಜಾಸ್ತಿ. ಕೆಲವರು ಬೈದಿದ್ದಾರೆ. ‘ಡಾಕ್ಟರು ಔಷಧಿ ಬಗ್ಗೆ ಬರೆಯಲಿ, ಸಮಾಜದ ಉಸಾಬರಿ ಯಾಕೆ’ ಅಂತ ಒಬ್ಬರು ಕೇಳಿದ್ದಾರೆ. ಹೊರರೋಗಿ ವಿಭಾಗದಲ್ಲಿ ಕೂತೇ ತಲೆ ನೆರೆತವಳು ನಾನು. ಅಲ್ಲಿ ಔಷಧಿ ಬೇರೆ, ಸಮಾಜ ಬೇರೆ ಅಂತ ವಿಂಗಡಿಸಿ ಕೂರಿಸೋದಕ್ಕೆ ಎರಡು ಬೆಂಚು ಇರಲಿಲ್ಲ. ಹಾಗಾಗಿ ಈ ಸಲ ಅಂತಸ್ತು ಮತ್ತು ಬದುಕಿನ ಬಗ್ಗೆ ಬಂದ ಪ್ರಶ್ನೆಗಳಿಗಷ್ಟೇ ಉತ್ತರ. ಕೂದಲು ಉದುರುವವರು ದಯವಿಟ್ಟು ಇನ್ನೊಂದು ಸಂಚಿಕೆ ತಡೆದುಕೊಳ್ಳಿ.

ಪ್ರಶ್ನೆ: ನಾನು ದೊಡ್ಡ ಕಚೇರಿಯೊಂದರಲ್ಲಿ ಗುಮಾಸ್ತ. ಸಂಬಳ ಸಾಕಾಗುತ್ತದೆ, ಉಣ್ಣೋದಕ್ಕೆ ಉಡೋದಕ್ಕೆ ಕೊರತೆ ಇಲ್ಲ. ಸಿಗರೇಟು ಸೇದಲ್ಲ, ಕುಡಿಯಲ್ಲ. ಆದರೂ ನಲವತ್ತೆರಡಕ್ಕೇ ಬಿಪಿ ಬಂದಿದೆ. ನಮ್ಮ ಸಾಹೇಬರಿಗೆ ಐವತ್ತೈದು, ಗುಂಡುಕಲ್ಲಿನ ಹಾಗಿದ್ದಾರೆ. ದೊಡ್ಡ ಹುದ್ದೆಯವರಿಗೇ ಟೆನ್ಷನ್ ಜಾಸ್ತಿ ಅಂತಾರಲ್ಲ, ಮೇಡಂ?

ಅಂತಾರೆ. ಹಾಗೆ ಅನ್ನುವವರಲ್ಲಿ ಹೆಚ್ಚಿನವರು ದೊಡ್ಡ ಹುದ್ದೆಯವರೇ!

ನಿಮ್ಮ ಹಾಗಿರುವ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಒಂದು ಅಧ್ಯಯನ ಇದೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾಯಿತು. ಅಲ್ಲಿನ ಸರ್ಕಾರಿ ಕಚೇರಿಗಳಿರುವ ಬೀದಿಯ ಹೆಸರಲ್ಲೇ ಅದನ್ನು ವೈಟ್‌ಹಾಲ್ ಅಧ್ಯಯನ ಅಂತ ಕರೆಯುತ್ತಾರೆ. ಸುಮಾರು 18,000 ಗಂಡಸರು ಅದರಲ್ಲಿದ್ದರು. ಇವರು ಯಾರೂ ಕಡುಬಡವರಲ್ಲ. ಗಣಿಯಲ್ಲಿ ಕಲ್ಲಿದ್ದಲು ಅಗೆಯುವವರಲ್ಲ. ಎಲ್ಲರಿಗೂ ಕಾಯಂ ಕೆಲಸ, ಎಲ್ಲರಿಗೂ ಪುಕ್ಕಟೆ ಸರ್ಕಾರಿ ವೈದ್ಯಕೀಯ ಸೌಲಭ್ಯ. ಹಾಗಿದ್ದೂ ಹತ್ತು ವರ್ಷದ ಲೆಕ್ಕ ತೆಗೆದಾಗ ತೀರಾ ಕೆಳಗಿನ ದರ್ಜೆಯವರು ಸಾಯುವ ಪ್ರಮಾಣ ತೀರಾ ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಸಿಗರೇಟು, ಕೊಲೆಸ್ಟರಾಲ್, ಬಿಪಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಪಕ್ಕಕ್ಕಿಟ್ಟರೂ ಆ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು.

ನನಗೆ ಇದರಲ್ಲಿ ಗಾಬರಿ ಹುಟ್ಟಿಸಿದ್ದು ಮೂರು ಪಟ್ಟು ಅನ್ನೋದಲ್ಲ. ಮೇಲಿಂದ ಕೆಳಗಿನವರೆಗೆ ಆರೋಗ್ಯ ಮೆಟ್ಟಿಲು ಮೆಟ್ಟಿಲಾಗಿ ಇಳಿದುಕೊಂಡು ಬಂದಿತ್ತು ಅನ್ನೋದು. ಎರಡನೇ ದರ್ಜೆಯ ಅಧಿಕಾರಿ ಅಂದರೆ ನಮ್ಮ ನಿಮ್ಮ ಕಣ್ಣಿಗೆ ದೊಡ್ಡ ಮನುಷ್ಯರೇ. ಅವರ ಆರೋಗ್ಯವೂ ಮೊದಲ ದರ್ಜೆಯವರಿಗಿಂತ ಒಂದು ಕೈ ಕಮ್ಮಿ. ಅಂದರೆ ಇದು ಬರೀ ಹೊಟ್ಟೆಗಿಲ್ಲದವರ ಸಮಸ್ಯೆ ಅಲ್ಲ. ಏಣಿಯಲ್ಲಿ ನಿಂತ ಎಲ್ಲರದ್ದೂ.

1985ರಲ್ಲಿ ಇದರ ಎರಡನೇ ಕಂತು ಶುರುವಾಯಿತು. ಈ ಸಲ ಹೆಂಗಸರನ್ನೂ ಸೇರಿಸಿಕೊಂಡರು. ಒಟ್ಟು 10,308 ಜನ. ಮೈಕೆಲ್ ಮಾರ್ಮಟ್ ಎನ್ನುವ ವೈದ್ಯರ ತಂಡ ಇದನ್ನು ನಡೆಸಿತು. ಕೆಲಸ ಎಷ್ಟಿದೆ ಅಂತಷ್ಟೇ ಅವರು ಕೇಳಲಿಲ್ಲ. ನಿಮ್ಮ ಕೆಲಸವನ್ನು ಹೇಗೆ ಮಾಡಬೇಕು, ಯಾವಾಗ ಮಾಡಬೇಕು ಅಂತ ತೀರ್ಮಾನಿಸುವವರು ಯಾರು ಅಂತಲೂ ಕೇಳಿದರು. ಉತ್ತರ ಇದ್ದದ್ದು ಅಲ್ಲೇ. ಕೆಲಸದ ಮೇಲೆ ಹಿಡಿತ ಕಮ್ಮಿ ಇದ್ದವರಿಗೆ ಹೃದಯದ ಕಾಯಿಲೆ ಜಾಸ್ತಿ. ಸಾಹೇಬರ ಮೇಜಿನ ಮೇಲೆ ಫೈಲು ಜಾಸ್ತಿ ಇರಬಹುದು. ಆದರೆ ಯಾವ ಫೈಲು ಮೊದಲು, ಯಾವುದು ನಾಳೆ, ಯಾವುದನ್ನು ನಿಮ್ಮ ಮೇಜಿಗೆ ದಾಟಿಸಬೇಕು ಅನ್ನೋದು ಅವರ ಕೈಯಲ್ಲಿದೆ. ನಿಮ್ಮ ಕೈಯಲ್ಲಿ ಇರೋದು ಫೈಲು ಮಾತ್ರ.

ಇದೇ ನೌಕರರ ಬಿಪಿ ಅಳೆದಾಗ ಇನ್ನೊಂದು ಸಂಗತಿ ಕಂಡಿತು. ಕಚೇರಿಯಲ್ಲಿ ಇರುವಷ್ಟು ಹೊತ್ತು ಮೇಲಿನವರದ್ದೂ ಕೆಳಗಿನವರದ್ದೂ ಹೆಚ್ಚುಕಮ್ಮಿ ಒಂದೇ. ಮನೆಗೆ ಹೋದ ಮೇಲೆ ಮೇಲಿನ ದರ್ಜೆಯವರ ಬಿಪಿ ಚೆನ್ನಾಗಿ ಇಳಿಯುತ್ತಿತ್ತು. ಕೆಳಗಿನವರದ್ದು ಅಷ್ಟು ಇಳಿಯುತ್ತಿರಲಿಲ್ಲ. ಗಾಬರಿಯಾದಾಗ ನಮ್ಮ ಮೈ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳನ್ನು ಸುರಿಸುತ್ತದೆ. ಎದೆ ಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಅಪಾಯ ಎದುರಿಸೋದಕ್ಕೆ ಇದು ಬೇಕು. ಅಪಾಯ ಮುಗಿದ ಮೇಲೆ ಇಳಿಯಬೇಕು. ವರ್ಷಾನುಗಟ್ಟಲೆ ಇಳಿಯದೇ ಇದ್ದರೆ ರಕ್ತನಾಳ ಸವೆಯುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತದೆ, ನಿದ್ದೆ ಕೆಡುತ್ತದೆ. ನಿಮ್ಮ ಸಾಹೇಬರು ಸಂಜೆ ಕಚೇರಿಯ ಬಾಗಿಲಲ್ಲೇ ಬಿಪಿಯನ್ನು ಬಿಟ್ಟು ಹೋಗುತ್ತಾರೆ. ನೀವು ಮನೆಗೆ ಹೊತ್ತುಕೊಂಡು ಹೋಗುತ್ತೀರಿ.

ಇಷ್ಟೆಲ್ಲ ಓದಿ ‘ಹಾಗಾದರೆ ಸಾಹೇಬರದ್ದೇ ತಪ್ಪು’ ಅಂತ ಮಾತ್ರೆ ನಿಲ್ಲಿಸಬೇಡಿ. ಮಾತ್ರೆ ತಗೊಳ್ಳಿ, ಉಪ್ಪು ಕಮ್ಮಿ ಮಾಡಿ. ಅದರ ಜೊತೆಗೆ ಕಚೇರಿಯಲ್ಲಿ ನೀವೇ ತೀರ್ಮಾನಿಸಬಹುದಾದ ಒಂದು ಕೆಲಸವನ್ನಾದರೂ ಕೇಳಿ ಪಡೆಯಿರಿ. ಬೆಳಗಿನ ಮೊದಲ ಗಂಟೆಯಲ್ಲಿ ಏನು ಮಾಡಬೇಕು ಅನ್ನೋದನ್ನು ನಿಮಗೇ ಬಿಡಲಿ. ಚಿಕ್ಕದು ಅನಿಸಬಹುದು. ಆದರೂ ಕೇಳಿ ನೋಡಿ.

ಪ್ರಶ್ನೆ: ಬಡವರ ಬಗ್ಗೆ ನೀವು ಮರುಕ ತೋರಿಸೋದು ಸರಿ. ಆದರೆ ಹೊಗೆ, ಕುಡಿತ, ಸಾಲ ಮಾಡೋದು, ಡಾಕ್ಟರ ಮಾತು ಕೇಳದೇ ಇರೋದು ಇವೆಲ್ಲ ಅವರೇ ಮಾಡಿಕೊಂಡದ್ದು ಅಲ್ವಾ? ನಾನೂ ಕಷ್ಟದಿಂದಲೇ ಮೇಲೆ ಬಂದವನು.

ನೀವು ಮೇಲೆ ಬಂದದ್ದು ಸಂತೋಷ. ಉಳಿದದ್ದನ್ನು ಸ್ವಲ್ಪ ಮಾತಾಡೋಣ.

ಡಾಕ್ಟರ ಮಾತು ಕೇಳಲ್ಲ ಅಂದಿರಿ. ಹರ್ನಿಯಾ ಆಪರೇಷನ್ ಆದ ಇಬ್ಬರು ಒಂದೇ ವಾರ್ಡಿನಿಂದ ಒಂದೇ ಬೆಳಿಗ್ಗೆ ಡಿಸ್ಚಾರ್ಜ್ ಆದದ್ದು ನನಗೆ ನೆನಪಿದೆ. ಇಬ್ಬರ ಚೀಟಿಯಲ್ಲೂ ನನ್ನದೇ ಕೈಬರಹ: ಆರು ವಾರ ಭಾರ ಎತ್ತಬಾರದು. ಒಬ್ಬರು ಲೆಕ್ಕಪತ್ರ ನೋಡುವವರು. ಕೂತು ಕೇಳಿದರು. ಮೆಟ್ಟಿಲು ಹತ್ತಬಹುದಾ, ಕಾರು ಓಡಿಸಬಹುದಾ, ಕೆಮ್ಮು ಬಂದರೆ ಏನು ಮಾಡಬೇಕು ಅಂತ ಒಂದೊಂದಾಗಿ ಬರೆದುಕೊಂಡರು. ರಜಾ ಅರ್ಜಿಗೆ ಸರ್ಟಿಫಿಕೇಟನ್ನೂ ತಗೊಂಡರು. ಇನ್ನೊಬ್ಬರು ಲಾರಿಗೆ ಮೂಟೆ ತುಂಬುವವರು. ‘ಆಯ್ತು ಮೇಡಂ’ ಅಂದರು. ಚೀಟಿಯನ್ನು ಓದದೆ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿದರು. ಅವರ ಕಣ್ಣು ಗೋಡೆ ಗಡಿಯಾರದ ಮೇಲಿತ್ತು. ಆರು ವಾರ ಅಂದರೆ ಒಬ್ಬರಿಗೆ ರಜೆ, ಇನ್ನೊಬ್ಬರಿಗೆ ಕೆಲಸ ಹೋದ ಹಾಗೇ. ಹೊಲಿಗೆ ಹಾಕಿದ ಜಾಗಕ್ಕೆ ಇದೆಲ್ಲ ಗೊತ್ತಾಗುತ್ತದೆಯೇ? ಮೂಟೆ ತುಂಬುವವರು ಅದೇ ಜಾಗದಲ್ಲಿ ಮತ್ತೆ ಗಂಟು ಮಾಡಿಕೊಂಡು ಬಂದರು. ಕೇಸ್ ಶೀಟಿನಲ್ಲಿ ‘ಸಲಹೆ ಪಾಲಿಸಿಲ್ಲ’ ಅಂತ ಒಂದು ಸಾಲು ಬಿತ್ತು. ಆಸ್ಪತ್ರೆಯ ಭಾಷೆಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಸಾಲು ಅದು.

ಈಗ ತಪ್ಪು ನಿರ್ಧಾರದ ವಿಷಯ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ಒಂದು ಅಧ್ಯಯನ ನಡೆದಿತ್ತು, 2013ರಲ್ಲಿ ಪ್ರಕಟವಾಯಿತು. ಕಬ್ಬಿನವರಿಗೆ ದುಡ್ಡು ಬರೋದು ಕಟಾವಿನ ನಂತರ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಕೈ ಖಾಲಿ. ಅದೇ ರೈತರಿಗೆ ಕಟಾವಿನ ಮೊದಲೂ ನಂತರವೂ ಬುದ್ಧಿಗೆ ಕಸರತ್ತು ಕೊಡುವಂಥ ಪರೀಕ್ಷೆ ಕೊಟ್ಟರು. ಅದೇ ಮನುಷ್ಯ, ಅದೇ ತಲೆ. ಕೈ ಖಾಲಿ ಇದ್ದಾಗ ಅಂಕ ಕಮ್ಮಿ, ದುಡ್ಡು ಬಂದ ಮೇಲೆ ಜಾಸ್ತಿ. ಸಾಲದ ಕಂತು, ಮಗುವಿನ ಜ್ವರ, ನಾಳೆಯ ಕೂಲಿ ಇಷ್ಟೂ ಒಟ್ಟಿಗೆ ತಲೆಯಲ್ಲಿ ಓಡುತ್ತಿದ್ದರೆ ಹತ್ತು ಆ್ಯಪ್ ತೆರೆದಿಟ್ಟ ಹಳೇ ಮೊಬೈಲಿನ ಹಾಗೆ ಬುದ್ಧಿ ನಿಧಾನವಾಗುತ್ತದೆ.

ಮಕ್ಕಳ ಸಂಯಮದ ಪರೀಕ್ಷೆ ಬಗ್ಗೆಯೂ ನೀವು ಕೇಳಿರಬಹುದು. ಮಗುವಿನ ಮುಂದೆ ಒಂದು ಸಿಹಿ ಇಟ್ಟು, ‘ನಾನು ಬರುವವರೆಗೆ ತಿನ್ನದೇ ಇದ್ದರೆ ಇನ್ನೊಂದು ಕೊಡುತ್ತೇನೆ’ ಅಂತ ಹೇಳಿ ಹೋಗೋದು. ಕಾದ ಮಕ್ಕಳೇ ಮುಂದೆ ಚೆನ್ನಾಗಿ ಓದಿದರು ಅಂತ ಭಾಷಣಗಳಲ್ಲಿ ಈಗಲೂ ಹೇಳುತ್ತಾರೆ. 2018ರಲ್ಲಿ ಇದನ್ನು 900ಕ್ಕೂ ಹೆಚ್ಚು ಮಕ್ಕಳ ವಿವರ ಇಟ್ಟುಕೊಂಡು ಮತ್ತೆ ನೋಡಿದರು. ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಸೇರಿಸಿದ ಕೂಡಲೇ ಆ ನಂಟು ಬಹಳ ಸಣ್ಣದಾಗಿಬಿಟ್ಟಿತು. ಕೊಟ್ಟ ಮಾತು ಉಳಿಯುವ ಮನೆಯಲ್ಲಿ ಬೆಳೆದ ಮಗು ಕಾಯುತ್ತದೆ. ನಾಳೆ ಇರುತ್ತೋ ಇಲ್ಲವೋ ಅನ್ನುವ ಮನೆಯ ಮಗು ಇವತ್ತೇ ತಿನ್ನುತ್ತದೆ. ನನ್ನ ಪ್ರಕಾರ ಆ ಎರಡನೇ ಮಗುವಿನ ಲೆಕ್ಕಾಚಾರವೂ ಸರಿಯಾಗೇ ಇದೆ.

ಇನ್ನು ಹೊಗೆ. ಹೌದು, ಕೆಟ್ಟದ್ದು, ಕೆಳಗಿನವರಲ್ಲಿ ಜಾಸ್ತಿಯೂ ಹೌದು. ಆದರೆ ಮೇಲೆ ಹೇಳಿದ ವೈಟ್‌ಹಾಲಿನಲ್ಲಿ ಸಿಗರೇಟನ್ನೇ ಮುಟ್ಟದವರಲ್ಲೂ ಕೆಳದರ್ಜೆಯವರೇ ಹೃದಯದ ಕಾಯಿಲೆಯಿಂದ ಜಾಸ್ತಿ ಸತ್ತರು.

ನೀವು ಮೇಲೆ ಬಂದಾಗ ಎಷ್ಟು ಸಲ ಎಡವಿದಿರಿ, ಎಡವಿದಾಗ ಯಾರು ಹಿಡಿದರು ಅಂತ ಒಮ್ಮೆ ನೆನಪಿಸಿಕೊಂಡು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಖಂಡಿತ ಹಾಕುತ್ತೇನೆ.

ಪ್ರಶ್ನೆ: ಸಾವಿಗೆ ಮೇಲು ಕೀಳು ಇಲ್ಲ ಅಂತ ಹಿರಿಯರು ಹೇಳಿದ್ದಾರೆ. ನೀವು ಅಲ್ಲೂ ಲೆಕ್ಕ ಹಾಕುತ್ತೀರಲ್ಲ?

ಸಾವು ಎಲ್ಲರಿಗೂ ಬರುತ್ತದೆ, ಆ ಮಟ್ಟಿಗೆ ಹಿರಿಯರ ಮಾತು ಸರಿ. ಯಾವಾಗ ಬರುತ್ತದೆ ಅನ್ನೋದರಲ್ಲಿ ಮೇಲು ಕೀಳು ಇದೆ. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿತಲ್ಲ, ಮೊದಲ ದರ್ಜೆಯ ಪ್ರಯಾಣಿಕರಲ್ಲಿ ನೂರಕ್ಕೆ ಸುಮಾರು 60 ಜನ ಉಳಿದರು. ಮೂರನೇ ದರ್ಜೆಯಲ್ಲಿ ನೂರಕ್ಕೆ ಸುಮಾರು 25. ಮೊದಲ ಎರಡು ದರ್ಜೆಯ ಮಕ್ಕಳು ಬಹುತೇಕ ಎಲ್ಲರೂ ಬದುಕಿದರು. ಮೂರನೇ ದರ್ಜೆಯ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಯಾರೋ ನಿಂತು ‘ಬಡವರು ಸಾಯಲಿ’ ಅಂತ ಹೇಳಬೇಕಾಗಿಯೇ ಇರಲಿಲ್ಲ. ದೋಣಿಗಳಿದ್ದದ್ದು ಮೇಲಿನ ಡೆಕ್ಕಿನಲ್ಲಿ. ಮೊದಲ ದರ್ಜೆಯ ಕೋಣೆಗಳು ಅದಕ್ಕೆ ಹತ್ತಿರ. ಮೂರನೇ ದರ್ಜೆಯವರು ಕೆಳಗೆ, ಒಂದರೊಳಗೊಂದು ಸುತ್ತುವ ಓಣಿಗಳ ಆಚೆ. ದಾರಿ ಗೊತ್ತಾಗಿ ಮೇಲೆ ಬರುವಷ್ಟರಲ್ಲಿ ಹೆಚ್ಚಿನ ದೋಣಿಗಳು ಹೊರಟುಹೋಗಿದ್ದವು.

ಪ್ರಶ್ನೆ: ದುಡ್ಡಿನಿಂದ ಸುಖ ಸಿಗುತ್ತಾ? ಒಂದೇ ಮಾತಲ್ಲಿ ಹೇಳಿ.

ಸಿಗುತ್ತೆ, ಸ್ವಲ್ಪ. ಒಂದು ಮಟ್ಟ ದಾಟಿದ ಮೇಲೆ ದುಡ್ಡು ಹೆಚ್ಚಿದರೂ ದಿನನಿತ್ಯದ ಖುಷಿ ಹೆಚ್ಚಲ್ಲ ಅಂತ ಡೇನಿಯಲ್ ಕಾನ್ಮನ್ ಮತ್ತು ಆಂಗಸ್ ಡೀಟನ್ ಎಂಬ ಸಂಶೋಧಕರು 2010ರಲ್ಲಿ ಬರೆದಿದ್ದರು. ಅದು ಬಹಳ ಪ್ರಸಿದ್ಧವಾಯಿತು, ಮುಖ್ಯವಾಗಿ ಸಂಬಳ ಹೆಚ್ಚಿಸಲು ಇಷ್ಟವಿಲ್ಲದವರ ನಡುವೆ. ಬೇರೊಬ್ಬ ಸಂಶೋಧಕರು 2021ರಲ್ಲಿ ಇಲ್ಲ, ಏರುತ್ತಲೇ ಹೋಗುತ್ತದೆ ಅಂದರು. ಆಮೇಲೆ ಕಾನ್ಮನ್ ಮತ್ತು ಆ ಸಂಶೋಧಕರು ಜಗಳ ಆಡದೆ ಒಟ್ಟಿಗೆ ಕೂತು ಲೆಕ್ಕ ನೋಡಿ 2023ರಲ್ಲಿ ಪ್ರಕಟಿಸಿದರು. ಹೆಚ್ಚಿನವರಿಗೆ ಏರುತ್ತದೆ. ಮೊದಲೇ ತೀರಾ ನೊಂದಿರುವ ಕೆಲವರಿಗೆ ಮಾತ್ರ ಒಂದು ಹಂತದ ಮೇಲೆ ದುಡ್ಡು ಕೆಲಸ ಮಾಡಲ್ಲ. ಒಂದು ಮಾತಲ್ಲಿ ಆಗಲಿಲ್ಲ, ಕ್ಷಮಿಸಿ.

ಪ್ರಶ್ನೆ: ನನ್ನ ಮಗಳಿಗೆ ಒಳ್ಳೆಯ ಶಾಲೆಯಲ್ಲಿ ಸೀಟು ಸಿಕ್ಕಿದೆ. ನಾನು ಟೈಲರ್, ಅವರಪ್ಪ ಡ್ರೈವರ್. ಕ್ಲಾಸಿನಲ್ಲಿ ಎಲ್ಲರೂ ಅನುಕೂಲಸ್ಥರ ಮಕ್ಕಳು. ಇವಳು ಮನೆಯಲ್ಲಿ ಪಟಪಟ ಮಾತಾಡುತ್ತಾಳೆ, ಶಾಲೆಯಲ್ಲಿ ಬಾಯಿ ಬಿಡಲ್ಲವಂತೆ. ಟೀಚರ್ ‘ಡಲ್’ ಅಂದರು. ಏನು ಮಾಡಲಿ, ಅಕ್ಕಾ?

ಡಲ್ ಅಲ್ಲ ಬಿಡಿ. ಮನೆಯಲ್ಲಿ ಪಟಪಟ ಮಾತಾಡುವ ಮಗು ಡಲ್ ಹೇಗಾಗುತ್ತದೆ?

ಅನೆಟ್ ಲರೂ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ಹಲವು ಮನೆಗಳಲ್ಲಿ ದಿನಗಟ್ಟಲೆ ಕೂತು, ಮಕ್ಕಳನ್ನು ಹೇಗೆ ಬೆಳೆಸುತ್ತಾರೆ ಅಂತ ನೋಡಿದರು. ಅನುಕೂಲಸ್ಥರ ಮನೆಯಲ್ಲಿ ಡಾಕ್ಟರ ಹತ್ತಿರ ಹೋಗುವ ಮೊದಲೇ ತಾಯಿ ಮಗುವಿಗೆ ಹೇಳಿಕೊಡುತ್ತಾಳೆ: ನಿನಗೆ ಏನು ಕೇಳಬೇಕೋ ಕೇಳು, ಹೆದರಬೇಡ. ದೊಡ್ಡವರ ಜೊತೆ ವಾದಿಸೋದು, ಕಾರಣ ಕೇಳೋದು ಅಲ್ಲಿ ದಿನವೂ ನಡೆಯುವ ತಾಲೀಮು. ದುಡಿಯುವವರ ಮನೆಗಳಲ್ಲಿ ಮಕ್ಕಳು ಸ್ವತಂತ್ರವಾಗಿ ಆಡುತ್ತಾರೆ, ನೆಂಟರಿಷ್ಟರ ಮಕ್ಕಳ ಜೊತೆ ಸಲಿಗೆ ಜಾಸ್ತಿ, ‘ಬೋರ್’ ಅನ್ನೋದು ಕಮ್ಮಿ. ಆದರೆ ಟೀಚರ್, ಡಾಕ್ಟರ್, ಆಫೀಸರ್ ಅಂದ ಕೂಡಲೇ ಕೈಕಟ್ಟಿ ಸುಮ್ಮನಿರೋದನ್ನು ಕಲಿಯುತ್ತಾರೆ. ನಾವು ಅದನ್ನೇ ವಿನಯ ಅಂತ ಕಲಿಸಿರುತ್ತೇವೆ. ಶಾಲೆಯವರು ಮೊದಲನೇ ರೀತಿಯ ಮಗುವನ್ನು ಚುರುಕು ಅಂತಾರೆ, ಎರಡನೆಯದನ್ನು ಡಲ್ ಅಂತಾರೆ.

ಇದನ್ನು ನಾನು ಆಸ್ಪತ್ರೆಯಲ್ಲೂ ನೋಡಿದ್ದೇನೆ. ಅನುಕೂಲಸ್ಥರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಉಳಿದವರು ಕುರ್ಚಿಯ ತುದಿಯಲ್ಲಿ ಕೂರುತ್ತಾರೆ, ‘ಇನ್ನೇನಾದರೂ ಕೇಳೋದು ಇದೆಯಾ’ ಅಂದರೆ ಇಲ್ಲ ಅಂತ ಎದ್ದುಬಿಡುತ್ತಾರೆ. ಕೇಳಬೇಕಾದದ್ದನ್ನು ಹೊರಗೆ ಹೋಗಿ ನರ್ಸಮ್ಮನ ಹತ್ತಿರ ಕೇಳುತ್ತಾರೆ. ಯಾವ ಡಾಕ್ಟರೂ ಬೇಕಂತ ಮಾಡಲ್ಲ, ಆದರೆ ಕೇಳಿದವರಿಗೆ ವಿವರ ಜಾಸ್ತಿ ಸಿಗುತ್ತದೆ. ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು ವೇಲ್ಸಿನ ಗಣಿ ಕಾರ್ಮಿಕರ ನಡುವೆ ಕೆಲಸ ಮಾಡಿದವರು. ಚಿಕಿತ್ಸೆಯ ಅಗತ್ಯ ಎಲ್ಲಿ ಜಾಸ್ತಿಯೋ ಅಲ್ಲೇ ಒಳ್ಳೆಯ ಚಿಕಿತ್ಸೆ ಕಮ್ಮಿ ಸಿಗುತ್ತದೆ ಅಂತ ಅವರು 1971ರಲ್ಲೇ ಬರೆದರು.

ನೀವು ಹೀಗೆ ಮಾಡಿ. ರಾತ್ರಿ ಬಟ್ಟೆ ಹೊಲಿಯುವಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಳೆ ಟೀಚರ್‌ಗೆ ಕೇಳುವ ಒಂದು ಪ್ರಶ್ನೆಯನ್ನು ತಯಾರು ಮಾಡಿಸಿ. ಒಂದೇ ಸಾಕು. ನೀವು ಟೀಚರ್ ಆಗಿ, ಅವಳು ಕೇಳಲಿ. ಬೇಕಂತಲೇ ಅರ್ಧಂಬರ್ಧ ಉತ್ತರ ಕೊಡಿ, ‘ಅರ್ಥ ಆಗಲಿಲ್ಲ ಮಿಸ್, ಇನ್ನೊಂದು ಸಲ ಹೇಳಿ’ ಅನ್ನೋದನ್ನು ಅಭ್ಯಾಸ ಮಾಡಿಸಿ. ಈ ವಾಕ್ಯ ಒಂದು ಬಂದರೆ ಮುಂದೆ ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ ಉಪಯೋಗಕ್ಕೆ ಬರುತ್ತದೆ.

ಆ ಶಾಲೆಯಲ್ಲಿ ಅವಳಿಗೆ ಗೆಳತಿಯರಾಗಲಿ. ರಾಜ್ ಚೆಟ್ಟಿ ಎಂಬ ಅರ್ಥಶಾಸ್ತ್ರಜ್ಞರ ತಂಡ ಅಮೆರಿಕದಲ್ಲಿ ಫೇಸ್‌ಬುಕ್‌ನ ಕೋಟ್ಯಂತರ ಗೆಳೆತನಗಳ ಲೆಕ್ಕ ನೋಡಿ 2022ರಲ್ಲಿ ಪ್ರಕಟಿಸಿತು. ಬಡವರಿಗೂ ಸ್ಥಿತಿವಂತರಿಗೂ ಗೆಳೆತನ ಜಾಸ್ತಿ ಇರುವ ಕಡೆ ಬೆಳೆದ ಬಡ ಮಕ್ಕಳು ದೊಡ್ಡವರಾದಾಗ ಹೆಚ್ಚು ಗಳಿಸುತ್ತಿದ್ದರು. ಹುಟ್ಟುಹಬ್ಬಕ್ಕೆ ಕರೆದರೆ ಕಳಿಸಿ. ಏನು ಉಡುಗೊರೆ ಕೊಡೋದು ಅಂತ ತಲೆ ಕೆಡಿಸಿಕೊಳ್ಳಬೇಡಿ. ನೀವು ಟೈಲರ್ ಅಲ್ವಾ? ನಿಮ್ಮ ಕೈಯಲ್ಲಿ ಹೊಲಿದ ಒಂದು ಪುಟ್ಟ ಚೀಲ ಸಾಕು.

ಪ್ರಶ್ನೆ: ರಾತ್ರಿ ಪಾಳಿಯಲ್ಲಿ ಸೆಕ್ಯುರಿಟಿ ಕೆಲಸ. ಹಗಲು ನಿದ್ದೆ ಬರಲ್ಲ. ಒಂದೇ ಕೋಣೆಯ ಮನೆ, ಮಕ್ಕಳು, ಪಕ್ಕದ ಮನೆ ಟಿವಿ. ಹಗಲು ಪಾಳಿ ಯಾವಾಗ ಕೊಡುತ್ತಾರೆ ಅಂತಲೂ ಹಿಂದಿನ ದಿನವೇ ಗೊತ್ತಾಗೋದು.

ನಿದ್ದೆಯೂ ಅಂತಸ್ತಿನ ಪ್ರಕಾರವೇ ಹಂಚಿಕೆಯಾಗುತ್ತದೆ ಅಣ್ಣಾ. ಪರದೆ, ಬಾಗಿಲು, ಪ್ರತ್ಯೇಕ ಕೋಣೆ, ಸದ್ದಿಲ್ಲದ ಬೀದಿ ಇದ್ದವರಿಗೆ ನಿದ್ದೆ ಬರೋದು ಏನು ದೊಡ್ಡ ಸಾಧನೆ? ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ‘ಕ್ಯಾನ್ಸರ್ ತರುವ ಸಂಭವ ಇದೆ’ ಎನ್ನುವ ಗುಂಪಿಗೆ 2007ರಲ್ಲಿ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಹೆದರಿಸೋದಕ್ಕೆ ಹೇಳುತ್ತಿಲ್ಲ. ನಿಮ್ಮ ಸುಸ್ತು ಸೋಮಾರಿತನ ಅಲ್ಲ ಅಂತ ಮನೆಯವರಿಗೆ ತೋರಿಸೋದಕ್ಕೆ ಬೇಕಾಗುತ್ತದೆ.

ಕೆಲಸ ಮುಗಿಸಿ ಬರುವಾಗ ಕಣ್ಣಿಗೆ ಬಿಸಿಲು ಕಮ್ಮಿ ಬೀಳಲಿ, ಟೋಪಿ ಹಾಕಿ. ಬಂದ ಕೂಡಲೇ ಮಲಗಿ, ಮೊಬೈಲು ಮುಟ್ಟಬೇಡಿ. ದಪ್ಪ ಕಪ್ಪು ಬಟ್ಟೆ ಕಣ್ಣಿಗೆ ಕಟ್ಟಿಕೊಳ್ಳಿ. ಕಿವಿಗೆ ಹತ್ತಿ ಸಾಕಾಗಲ್ಲ, ಔಷಧಿ ಅಂಗಡಿಯಲ್ಲಿ ಮೆತ್ತನೆಯ ಇಯರ್‌ಪ್ಲಗ್ ಸಿಗುತ್ತದೆ. ಒಟ್ಟಿಗೆ ಏಳು ಗಂಟೆ ಆಗದಿದ್ದರೆ ಎರಡು ಕಂತಿನಲ್ಲಿ ಮಲಗಿ. ಪಾಳಿಯ ಪಟ್ಟಿಯನ್ನು ವಾರ ಮೊದಲೇ ಕೊಡಿ ಅಂತ ಒಬ್ಬರೇ ಕೇಳಬೇಡಿ, ನಾಲ್ಕೈದು ಜನ ಸೇರಿ ಕೇಳಿ. ಸಂಬಳ ಹೆಚ್ಚಿಸಿ ಅಂದರೆ ಮುಖ ತಿರುಗಿಸುವವರೂ ಇದಕ್ಕೆ ಒಪ್ಪಬಹುದು, ಅವರಿಗೆ ಖರ್ಚಿಲ್ಲವಲ್ಲ.

ಪ್ರಶ್ನೆ: ಇದೆಲ್ಲ ಹಿಂದಿನಿಂದ ನಡೆದುಬಂದದ್ದು. ಬದಲಾಗುತ್ತಾ?

ಬದಲಾಗಿದೆ, ಪೂರ್ತಿ ಅಲ್ಲ. ಎಡ್ವಿನ್ ಚಾಡ್ವಿಕ್ ಎಂಬ ಸಮಾಜ ಸುಧಾರಕರು 1842ರಲ್ಲಿ ಲೆಕ್ಕ ಹಾಕಿದಾಗ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಸತ್ತವರ ಸರಾಸರಿ ವಯಸ್ಸು ಸ್ಥಿತಿವಂತರಲ್ಲಿ 35, ಕೂಲಿಕಾರರಲ್ಲಿ 15. ಎಳವೆಯಲ್ಲೇ ಸಾಯುವ ಮಕ್ಕಳು ಬಹಳ ಇದ್ದದ್ದರಿಂದ ಸರಾಸರಿ ಅಷ್ಟು ಕೆಳಗಿತ್ತು. ನಲ್ಲಿ ನೀರು, ಚರಂಡಿ, ಲಸಿಕೆ ಬಂದವು, ಕೂಲಿಕಾರರ ಮಕ್ಕಳು ಬದುಕಿದರು. ಅಂತರ ಮಾತ್ರ ಹೋಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2008ರಲ್ಲಿ ಕೊಟ್ಟ ವರದಿಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಕಡೆಯ ಉದಾಹರಣೆ ಇದೆ. ಒಂದು ಬಡ ಬಡಾವಣೆಯ ಗಂಡಸರ ಆಯಸ್ಸು 54 ವರ್ಷ, ಹತ್ತಿರದಲ್ಲೇ ಇರುವ ಅನುಕೂಲಸ್ಥರ ಬಡಾವಣೆಯಲ್ಲಿ 82. ಒಂದೇ ದೇಶ, ಒಂದೇ ಹವೆ, ಪುಕ್ಕಟೆ ಆಸ್ಪತ್ರೆ ಇಬ್ಬರಿಗೂ. ಆದರೂ 28 ವರ್ಷದ ವ್ಯತ್ಯಾಸ. ಆಸ್ಪತ್ರೆ ಕಟ್ಟಿದರೆ ಸಾಲದು ಅಂತ ಆಸ್ಪತ್ರೆಯವಳೇ ಹೇಳುತ್ತಿದ್ದೇನೆ. ಮನೆ, ಕೆಲಸದ ಭದ್ರತೆ, ಹುಟ್ಟಿದ ಮೊದಲ ಕೆಲವು ವರ್ಷ ಮಗುವಿಗೆ ಸಿಗುವ ಆರೈಕೆ, ಆ ವರದಿ ಒತ್ತು ಕೊಟ್ಟದ್ದು ಇಂಥವಕ್ಕೇ.

ಪ್ರಶ್ನೆ: ಕೂಲಿ ಮಾಡುವವರ ಮಗ ನಾನು. ಈಗ ಸ್ವಂತ ವರ್ಕ್‌ಶಾಪ್ ಇದೆ, ಕೈಕೆಳಗೆ ಹನ್ನೆರಡು ಜನ. ಹಳೇ ಗೆಳೆಯರ ಜೊತೆ ಕೂತರೆ ಅವರು ಮೊದಲಿನ ಹಾಗೆ ಮಾತಾಡಲ್ಲ. ಹೊಸಬರ ಜೊತೆ ನನಗೆ ಮಾತು ಬರಲ್ಲ.

ಇದಕ್ಕೆ ಮಾತ್ರೆ ಇಲ್ಲ. ಮೇಲೆ ಹತ್ತಿದ ಹೆಚ್ಚಿನವರು ಹೀಗೇ ಹೇಳುತ್ತಾರೆ. ಎರಡೂ ಕಡೆಯವರ ಜೊತೆ ಸ್ವಲ್ಪ ಅಪರಿಚಿತರಾಗೇ ಇರುತ್ತೀರಿ, ಬಹಳ ಕಾಲ. ಹಳೇ ಗೆಳೆಯರನ್ನು ದೊಡ್ಡ ಜಾಗಕ್ಕೆ ಕರೆಯಬೇಡಿ, ನೀವೇ ಅವರಿರುವ ಕಡೆಗೆ ಹೋಗಿ. ಬಿಲ್ ಕೊಡೋದಕ್ಕೆ ಮುಗಿಬೀಳಬೇಡಿ, ಅವರೂ ಕೊಡಲಿ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಹನ್ನೆರಡು ಜನರ ಮೇಲೆ. ಈ ಅಂಕಣದ ಮೊದಲ ಪ್ರಶ್ನೆ ಕೇಳಿದ ಗುಮಾಸ್ತರ ಹಾಗಿರುವವರು ನಿಮ್ಮ ವರ್ಕ್‌ಶಾಪಿನಲ್ಲೂ ಇದ್ದಾರೆ. ರಜೆ ಕೇಳಿದವರಿಗೆ ಹೌದೋ ಅಲ್ಲವೋ ಅಂತ ಅದೇ ದಿನ ಹೇಳಿ, ಸಂಜೆವರೆಗೆ ಸತಾಯಿಸಬೇಡಿ. ಒಂದು ಗಂಟೆ ತಡವಾಗಿ ಬಂದವರಿಗೆ ಅರ್ಧ ದಿನದ ಕೂಲಿ ಹಿಡಿಯುವ ಪದ್ಧತಿ ಇದ್ದರೆ ತೆಗೆದುಹಾಕಿ. ಯಾವ ಮೆಷಿನ್ ಮೊದಲು ಬಿಚ್ಚಬೇಕು ಅಂತ ಅವರವರೇ ತೀರ್ಮಾನಿಸಲಿ. ಮೂರು ತಿಂಗಳು ಹೀಗೆ ನಡೆಸಿ ಆಮೇಲೆ ಬರೆಯಿರಿ. ಕೆಲಸ ಕೆಟ್ಟಿತೋ ಸುಧಾರಿಸಿತೋ ಅನ್ನೋದನ್ನೂ ಇದ್ದ ಹಾಗೇ ಬರೆಯಿರಿ.